ಪತ್ರೊಡೆಯ ಭಾನುವಾರ

ಶಾರ್ಲೆಟ್‌ಳ ತಾಯಿ ಆನ್ಸಿಲ್ಲಾ ತೀರಿಕೊಂಡ ಮೇಲೆ ಶಿರ್ವದ ಆ ಮನೆಯಲ್ಲಿ ಅಡಿಗೆ ಎಂದರೆ ಗಂಜಿ ಮತ್ತು ಉಪ್ಪಿನಕಾಯಿ ಎಂದಾಗಿತ್ತು. ತಂದೆ ಕಜೆಟನ್ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವ ಶಾರ್ಲೆಟ್ ಸಂಜೆ ಬಂದು ಮೀನು ಸಾರು ಮಾಡಿಟ್ಟರೂ ಅದು ಮರುದಿನ ಹಾಗೆಯೇ ಉಳಿದಿರುತ್ತಿತ್ತು.

ಸಹೋದ್ಯೋಗಿ ಮಾಧವ ಒಂದು ಮಧ್ಯಾಹ್ನ ಕಲ್ಯಾಣಪುರದ ಮನೆಯಿಂದ ಕೆಸುವಿನೆಲೆಯ ಪತ್ರೊಡೆ ತಂದಿದ್ದ. ಒಂದು ತುಂಡು ಬಾಯಿಗಿಟ್ಟವಳೇ ಶಾರ್ಲೆಟ್ ಅತ್ತುಬಿಟ್ಟಳು. ಮಳೆಗಾಲ ಬಂತೆಂದರೆ ಅವಳ ತಾಯಿಯೂ ಪತ್ರೊಡೆ ಮಾಡುತ್ತಿದ್ದಳು. ಮಾಧವ ನೀರಿನ ಬಾಟಲಿ ಅವಳತ್ತ ಸರಿಸಿದ. ಅವರಿಬ್ಬರ ನಡುವೆ ಆ ಹೊತ್ತಿಗಾಗಲೇ ಸಹೋದ್ಯೋಗಕ್ಕಿಂತ ಹೆಚ್ಚಿನದು ಇತ್ತು. ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

ಭಾನುವಾರ ಅವಳು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಮಾಧವ ಕೆಸುವಿನ ಎಲೆಗಳ ಕಟ್ಟು ಹಿಡಿದು ಗೇಟಿನ ಬಳಿ ನಿಂತಿದ್ದ. ಜೊತೆಗೆ ಕೆಲಸ ಮಾಡುವವರು ಎಂದು ಅವಳು ತಂದೆಗೆ ಪರಿಚಯಿಸಿದಳು. ಕಜೆಟನ್ ತಲೆಯಾಡಿಸಿ ಜಗಲಿಯಲ್ಲೇ ಕುಳಿತರು.

ಒಳಗೆ ಇಬ್ಬರೂ ಅಕ್ಕಿ ರುಬ್ಬಿ, ಹುಳಿ, ಬೆಲ್ಲ, ಮೆಣಸು ಸೇರಿಸಿ ಎಲೆಗೆ ಹಚ್ಚತೊಡಗಿದರು. ಸುರುಳಿ ಸುತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ನೀರು ಕುಡಿಯಲು ಬಂದ ಕಜೆಟನ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ತೊಳೆದು ಬಂದು ಕೂತರು.

"ದೊಡ್ಡ ಎಲೆ ಅಡಿಯಲ್ಲಿ ಇರಬೇಕು. ಬದಿ ಮೊದಲು ಮಡಚಿ," ಎಂದರು.

ಆನ್ಸಿಲ್ಲಾ ಹಚ್ಚುವುದು, ತಾನು ಸುತ್ತುವುದು, ಕುವೈತಿನಿಂದ ರಜೆಗೆ ಬಂದಾಗಲೆಲ್ಲ ಹಾಗೇ ನಡೆದಿತ್ತು ಎಂದು ಅವರು ಸುತ್ತುತ್ತಲೇ ಹೇಳಿದರು. ಹೆಂಡತಿಯ ಹೆಸರು ಅವರ ಬಾಯಿಂದ ಬಂದು ತಿಂಗಳುಗಳೇ ಆಗಿದ್ದವು. ಬೆಂದ ಪತ್ರೊಡೆಗೆ ತೆಂಗಿನೆಣ್ಣೆ ಹಾಕಿಕೊಂಡು ಎರಡು ತುಂಡು ತಿಂದರು. ಆನ್ಸಿಲ್ಲಾಳದಕ್ಕಿಂತ ಹುಳಿ ಕಡಿಮೆಯಾಗಿದೆ ಎಂದು ಮತ್ತೊಂದು ತುಂಡು ಹಾಕಿಕೊಂಡರು.

ಕೈ ತೊಳೆದು ಬಂದು ಮಾಧವನನ್ನು ಕೇಳಿದರು: "ನೀವು ಇಲ್ಲಿಗೆ ಬಂದದ್ದು ನಿಮ್ಮ ಅಮ್ಮನಿಗೆ ಗೊತ್ತುಂಟಾ?"

"ಗೊತ್ತುಂಟು. ಶಾರ್ಲೆಟ್‌ಳನ್ನು ಮದುವೆಯಾಗಬೇಕು ಅಂತ ಹೇಳಿದ್ದೇನೆ. ಅವರಿಗೆ ಸಮಾಧಾನ ಇಲ್ಲ."

ಶಾರ್ಲೆಟ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ತಂದೆ ಅವಳ ಮುಖವನ್ನೇ ನೋಡಿದರು. "ನಿನಗೆ?"

"ನನಗೆ ಇಷ್ಟ, ಡ್ಯಾಡಿ."

ಮಾಧವ ಹೊರಡುವಾಗ ಕಜೆಟನ್ ಉಳಿದ ಸುರುಳಿಗಳನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟರು. "ನಿಮ್ಮ ಅಮ್ಮನಿಗೆ. ತಿನ್ನದಿದ್ದರೂ ಬೇಸರ ಇಲ್ಲ."

ಮಾಧವನ ತಾಯಿ ರಮಾಮಣಿ ತಿನ್ನಲಿಲ್ಲ. ಆದರೆ ಬಿಸಾಡಲೂ ಇಲ್ಲ, ಮಾಧವನಿಗೇ ಒಗ್ಗರಣೆ ಹಾಕಿ ಬಡಿಸಿದರು. ಅವರು ಒಪ್ಪಲು ಇನ್ನೊಂದು ಮಳೆಗಾಲ ಬೇಕಾಯಿತು. ಉಡುಪಿಯ ನೋಂದಣಿ ಕಚೇರಿಯಲ್ಲಿ ಮಕ್ಕಳ ಮದುವೆಯಾದ ದಿನ ರಮಾಮಣಿ ಕಜೆಟನ್‌ರ ಪಕ್ಕದ ಕುರ್ಚಿಯಲ್ಲಿ ಕುಳಿತು, ಆನ್ಸಿಲ್ಲಾಗೆ ಏನಾಗಿತ್ತೆಂದು ಮೊದಲ ಸಲ ವಿಚಾರಿಸಿದರು.