ಒಂದು ಕಾರ್ಡಿನ ನಾಲ್ಕು ಕೈ

ಸುಷ್ಮಾ ಆಗಷ್ಟೇ ಹೊಸೆದ ಊದುಬತ್ತಿಗಳನ್ನು ಒಂದಕ್ಕೊಂದು ಅಂಟದಂತೆ ಗೋಣಿತಾಟಿನ ಮೇಲೆ ಹರಡುತ್ತಿದ್ದಳು. ತಾಯಿ ಮಂಜುಳಮ್ಮ ಮಣೆಯ ಮುಂದೆ ಕೂತು ಹೊಸೆಯುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಸುಷ್ಮಾಗೂ ಇದೇ ಕೆಲಸ. ಆದರೆ ಕುಂಬಾರಕೊಪ್ಪಲಿನ ಆ ಬೀದಿಗೆ ಬತ್ತಿ ಕಂಪನಿಯವರು ಕೊಟ್ಟಿದ್ದು ಮನೆಗೊಂದೇ ಕಾರ್ಡು. ಕಾರ್ಡಿದ್ದವರು ಮಾತ್ರ ಹೊಸೆಯಬೇಕು, ಬೇರೆಯವರು ಕೈಹಾಕಿದರೆ ಕಾರ್ಡು ರದ್ದು. ಈ ಮನೆಯ ಕಾರ್ಡು ಮಂಜುಳಮ್ಮನದು.

ಹತ್ತು ಗಂಟೆಗೆ, ಮನೆಮನೆಯ ಕೆಲಸದ ಲೆಕ್ಕ ಬರೆದುಕೊಳ್ಳುವ ಸರ್ಕಾರಿ ಸರ್ವೆಯ ಚಂದ್ರಮೌಳಿ ಫಾರಂ ಕಟ್ಟು ಹಿಡಿದು ಬಂದರು.

"ಮನೇಲಿ ಕೆಲಸ ಮಾಡೋರು ಎಷ್ಟು ಜನಮ್ಮಾ?"

"ನಾನೊಬ್ಳೇ ಸ್ವಾಮಿ."

"ದಿನಕ್ಕೆ ಎಷ್ಟು ಬತ್ತಿ?"

"ಎಂಟು ಸಾವಿರ."

ಅವರು ಕನ್ನಡಕ ಮೇಲೇರಿಸಿದರು. "ಪಕ್ಕದ ಬೀದೀಲಿ ಒಬ್ಬರೇ ನಾಲ್ಕು ಸಾವಿರ ದಾಟಿದೋರಿಲ್ಲ ಕಣ್ರೀ. ಒಳಗೇನಾದ್ರೂ ಮಿಷನ್ ಬಚ್ಚಿಟ್ಟಿದ್ದೀರಾ?"

"ನನ್ ಕೈಯೇ ಅಂಗೆ, ಬುಡಿ," ಎಂದಳು ಮಂಜುಳಮ್ಮ, ಮಗಳ ಕಡೆ ನೋಡದೆ.

ನೀರು ತಂದುಕೊಟ್ಟ ಸುಷ್ಮಾ ತಡೆಯಲಾರದೆ ಮೆಲ್ಲಗೆ ಕೇಳಿದಳು: "ಇದನ್ನ ಬರ್ಕೊಂಡೋಗಿ ಏನ್ ಮಾಡ್ತಾರೆ ಸಾರ್?"

"ಡೆಲ್ಲಿಗೆ ಕಳಿಸ್ತೀವಿ ಕಣಮ್ಮ. ಕಲ್ಲಿದ್ದಲು ಅಗೆಯೋರು, ರೈಲು ಓಡಿಸೋರು, ಸೀರೆ ನೇಯೋರು, ನಿಮ್ಮಮ್ಮ, ಎಲ್ಲರೂ ಮಾಡಿದ್ದನ್ನ ಕೂಡಿ, ಮಾಡಿದೋರ ಸಂಖ್ಯೆಯಿಂದ ಭಾಗಿಸ್ತಾರೆ. ಈ ದೇಶದಲ್ಲಿ ಒಂದು ಆಳು ಎಷ್ಟು ಕೆಲಸ ಮಾಡುತ್ತೆ ಅಂತ ಗೊತ್ತಾಗೋದು ಹಾಗೆ. ಎಲ್ಲರ ಮನೆಗೂ ಹೋಗಕ್ಕಾಗುತ್ತಾ? ನಿಮ್ಮನೆ ಲೆಕ್ಕ ಇಂಥ ಸಾವಿರ ಮನೆಗಳ ಪರವಾಗಿ ನಿಲ್ಲುತ್ತೆ."

ಸುಷ್ಮಾಳ ಮೈ ಜುಮ್ಮೆಂದಿತು. ಅವಳು ಕಾಣದ ಊರುಗಳ ಕೈಗಳೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು: ಬೊಬ್ಬೆ ಎದ್ದವು, ಬಣ್ಣ ಮೆತ್ತಿದವು, ಬಳೆ ತೊಟ್ಟವು. ಶಾಲೆಯಲ್ಲಿ ಕಲಿತ ಭಿನ್ನರಾಶಿಯಂತೆ, ಆಕಾಶದಷ್ಟು ಉದ್ದದ ಒಂದು ಗೆರೆ. ಮೇಲೆ ಅವರೆಲ್ಲ ಮಾಡಿದ್ದು, ಕೆಳಗೆ ಅವರೆಲ್ಲರೂ. ಅಷ್ಟು ದೊಡ್ಡ ಲೆಕ್ಕಕ್ಕೆ ಈ ಹಜಾರದ ಬತ್ತಿಯೂ ಬೇಕಂತೆ! ಗೆರೆಯ ಮೇಲೆ, ಅಮ್ಮ ಹೇಳಿದ ಎಂಟು ಸಾವಿರದೊಳಗೆ, ತನ್ನ ನಾಲ್ಕು ಸಾವಿರ ಇತ್ತು. ಗೆರೆಯ ಕೆಳಗೆ ತಾನೇ ಇರಲಿಲ್ಲ.

ಚಂದ್ರಮೌಳಿ "ಒಬ್ಬರು" ಎಂದು ಬರೆಯತೊಡಗಿದರು. ಕಂಪನಿಯ ಕಿವಿಗೆ ಬಿದ್ದು ಕಾರ್ಡು ಹೋದರೆ ಮನೆ ನಡೆಯುವುದಿಲ್ಲವೆಂದು ಸುಷ್ಮಾಗೆ ಗೊತ್ತಿತ್ತು. ಆದರೂ ಮಾತು ಬಾಯಿಂದ ಬಂದುಬಿಟ್ಟಿತು.

"ಸಾರ್, ನನ್ನನ್ನೂ ಬರ್ಕೊಳಿ."

ಅವರ ಪೆನ್ನು ನಿಂತಿತು. ಮಣೆಯ ಮೇಲೆ ಮಂಜುಳಮ್ಮನ ಕೈಯೂ.