ಕೈಯಿಂದ ಕೈಗೆ

ನಾನು ಒಂದು ಕತ್ತರಿ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಸಾಣೆ ಹಿಡಿದು ನನ್ನನ್ನು ಮಾಡಿದರು. ಗದಗಿನ ಟೇಲರ್ ಇಮಾಮಸಾಬರ ಬಳಿ ಇಪ್ಪತ್ತು ವರ್ಷ ದುಡಿದೆ. ಕಣ್ಣು ಮಂಜಾದಾಗ ಅವರು ನನ್ನನ್ನು ತಮ್ಮ ಕೈಕೆಳಗೆ ಕಲಿತ ಶಂಕರಮ್ಮನಿಗೆ ಕೊಟ್ಟರು. ಕೊಟ್ಟರು ಅಂದರೆ, ಮೇಜಿನ ಮೇಲಿಟ್ಟರು.

"ಕತ್ರಿ ಕೈಯಿಂದ ಕೈಗೆ ಕೊಡಬಾರ್ದು ತಂಗೀ, ಜಗಳ ಅಕ್ಕಾವು."

ಶಂಕರಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಭಾನುವಾರ ಅವಳು ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೆಣ್ಣುಮಕ್ಕಳ ಬಾಲಮಂದಿರಕ್ಕೆ ಹೋಗುತ್ತಿದ್ದಳು. ಅಲ್ಲಿ ಹೊಲಿಗೆ ಕಲಿಸುವುದು ಅವಳೇ ಮೈಮೇಲೆ ಎಳೆದುಕೊಂಡ ಕೆಲಸ. ಹದಿನೇಳರ ಕಸ್ತೂರಿ ಎಂದರೆ ಅವಳಿಗೆ ಜೀವ. ಹಿಂದೊಮ್ಮೆ ಗೋಡೆ ಹಾರಿ ಓಡಿಹೋಗಿದ್ದ ಹುಡುಗಿ. ಈಗ ಧಾರವಾಡದ ಹೊಲಿಗೆ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಮರುದಿನವೇ ಹೊರಡಬೇಕು. ಮೇಲ್ವಿಚಾರಕಿ ಬರೆದ ನಡತೆ ಪತ್ರವೊಂದು ಕೈಗೆ ಬಂದರೆ ಸಾಕಿತ್ತು.

ಆ ಭಾನುವಾರ ಶಂಕರಮ್ಮ ಯೂನಿಫಾರ್ಮ್ ಬಟ್ಟೆಯ ಮೇಲೆ ನನ್ನನ್ನಿಟ್ಟು "ಕಸ್ತೂರಿ, ಈಗ ನೀ ಕತ್ತರಸು" ಅಂದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅವಸರದಲ್ಲಿ ಶಂಕರಮ್ಮ ನನ್ನ ಸಮೇತ ಬಟ್ಟೆ ಸುತ್ತಿ ಕಪಾಟಿಗೆ ತುರುಕಿದಳು.

ಚೂಪಾದ ಸಾಮಾನು ಅಲ್ಲಿ ಉಳಿಯುವಂತಿಲ್ಲ. ಗೇಟಿನಲ್ಲಿ ಶಂಕರಮ್ಮನ ಚೀಲ ನೋಡಿದರೆ ನಾನಿಲ್ಲ. ಕತ್ತರಿಸುವ ಸರದಿ ಯಾರದಿತ್ತು? ಕಸ್ತೂರಿಯದು. ಅವಳ ಟ್ರಂಕನ್ನು ನೆಲಕ್ಕೆ ಕವುಚಿದ ಸದ್ದು ನನಗೆ ಕಪಾಟಿನೊಳಗೇ ಕೇಳಿಸಿತು. ಬಾಯಿ ಇದ್ದೂ ಮಾತಿಲ್ಲದ ನನ್ನ ಜನ್ಮಕ್ಕೆ ಬೆಂಕಿ ಬೀಳಲಿ ಅನಿಸಿತು.

"ನಾ ತಗೊಂಡಿಲ್ರೀ," ಕಸ್ತೂರಿ ಅಂದಳು.

"ಹಿಂಗ ಎಲ್ಲಾರೂ ಅಂತಾರ." ಮೇಲ್ವಿಚಾರಕಿಯ ಕೈಯಲ್ಲಿ ಆ ನಡತೆ ಪತ್ರ ಸರಬರ ಎಂದಿತು. "ಶಂಕ್ರಮ್ಮಾರ, ನೀವ ಹೇಳ್ರಿ. ಈಕಿ ಮ್ಯಾಲೆ ನಿಮಗ ನಂಬಿಕಿ ಐತೇನು?"

ಶಂಕರಮ್ಮನ ದನಿ ಕೇಳಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕಾರ," ಅಂದಳು ಕಸ್ತೂರಿ ಮೆಲ್ಲಗೆ. ಕಾಗದ ಹರಿಯತೊಡಗಿತು.

"ತಡೀರಿ ಮೇಡಂ. ಆಕಿ ಕೈಗೆ ನಾ ಕತ್ರಿ ಕೊಟ್ಟೇ ಇಲ್ಲ. ಯಾರ ಕೈಗೂ ಕೊಡೂದಿಲ್ಲ. ಅರಬಿ ಮ್ಯಾಲೆ ಇಟ್ಟಿದ್ದೆ. ಆ ಅರಬಿ ಸುತ್ತಿದಾಕಿನೂ ನಾನ."

ಕಪಾಟು ತೆರೆಯಿತು, ಬಟ್ಟೆ ಬಿಚ್ಚಿಕೊಂಡಿತು, ನಾನು ಠಣ್ಣನೆ ನೆಲಕ್ಕೆ ಬಿದ್ದೆ. ನನ್ನ ತುದಿ ಮುಕ್ಕಾಯಿತು. ಮೇಲ್ವಿಚಾರಕಿ ತಲೆ ತಗ್ಗಿಸಿ ಹೊಸ ಪತ್ರ ಬರೆಯಲು ಕೂತರು.

ಶಂಕರಮ್ಮ ನನ್ನನ್ನು ಎತ್ತಿ ಕಸ್ತೂರಿಯ ಕಡೆ ಚಾಚಿದಳು. ಮೇಜಿನ ಮೇಲಲ್ಲ, ಕೈಗೆ.

"ತಗೋ, ಧಾರವಾಡಕ್ಕ ಒಯ್ಯಿ. ನಂಬಿಕಿ ಐತೇನು ಅಂತ ಅವರು ಕೇಳಿದಾಗ ನಾ ಐತಿ ಅನ್ನಲಿಲ್ಲ. ಜಗಳಾಡೂದಿದ್ರ ಈಗ ಆಡು."

ಕಸ್ತೂರಿಯ ಕೈ ಬಹಳ ಹೊತ್ತು ಮೇಲೇಳಲಿಲ್ಲ. ಶಂಕರಮ್ಮನ ಕೈಯೂ ಕೆಳಗಿಳಿಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಕಸ್ತೂರಿಯ ಅಂಗಡಿಯಲ್ಲಿ ಮೊಳೆಗೆ ತೂಗುಬಿದ್ದು ದಾರ ಮಾತ್ರ ಕತ್ತರಿಸುತ್ತೇನೆ. ಭಾನುವಾರ ಅವಳೂ ಒಂದು ಬಾಲಮಂದಿರಕ್ಕೆ ಕಲಿಸಲು ಹೋಗುತ್ತಾಳೆ, ನನ್ನನ್ನು ಹುಡುಗಿಯರ ಕೈಗೇ ಕೊಡುತ್ತಾಳೆ. ಶಂಕರಮ್ಮ ಕೇಳಿದ ಆ ಜಗಳವನ್ನು ಅವಳು ಇಂದಿಗೂ ಆಡಿಲ್ಲ. ಮುಕ್ಕಾದ ನನ್ನ ತುದಿಗೆ ಸಾಣೆ ಹಿಡಿಸಲೂ ಒಪ್ಪಿಲ್ಲ.