ನಾಯಿ ಕಚ್ಚಿದ ಗುರುತು

ಕಾರು ಇನ್ನು ಮುಂದೆ ಹೋಗುವಂತಿರಲಿಲ್ಲ. ಹೊಳೆಗೆ ಹೋಗುವ ಬಂಡಿದಾರಿಗೆ ಎರಡೂ ಬದಿಯಿಂದ ಲಂಟಾನ ನುಗ್ಗಿತ್ತು. ನಂದಕುಮಾರ್ ಊರಾಚೆಯ ಹುಣಸೆಮರದ ಕೆಳಗೇ ಗಾಡಿ ನಿಲ್ಲಿಸಿದ. ಅವನ ಅಪ್ಪ ತಿಮ್ಮರಾಯಪ್ಪ ಯಾರ ಕೈಯನ್ನೂ ಹಿಡಿಯದೆ ಇಳಿದು, ಪಂಚೆ ಎತ್ತಿ ಕಟ್ಟಿ, ಮೊಮ್ಮಗಳು ಶೃತಿಯನ್ನು ಕರೆದುಕೊಂಡು ಮುಂದೆ ನಡೆದೇಬಿಟ್ಟರು. ಈಗಿರುವ ಉತ್ತರಹಳ್ಳಿಯ ಮನೆಯಲ್ಲಿ ಎರಡು ಮೆಟ್ಟಿಲು ಹತ್ತಿದರೆ ಕೂರಬೇಕೆನ್ನುವ ಮನುಷ್ಯನಿಗೆ ಎಪ್ಪತ್ತಾರಾಯಿತೆಂದು ಆ ನಡಿಗೆ ನೋಡಿದವರು ಹೇಳುತ್ತಿರಲಿಲ್ಲ.

ಹೊಳೆ ನೋಡಬೇಕೆಂದು ಹಟ ಹಿಡಿದವಳು ಶೃತಿ. ಹೋದ ವರ್ಷ ಜೆ.ಪಿ. ನಗರದ ಕಲ್ಯಾಣಮಂಟಪದಲ್ಲಿ ಜನಾಂಗದ ಸಂಘದವರು ತಾತನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಪ್ರವಾಹದ ಅರ್ಕಾವತಿಗೆ ಧುಮುಕಿ ನಾಲ್ಕು ವರ್ಷದ ಮಗನನ್ನು ಎತ್ತಿ ತಂದ ಕಥೆಯನ್ನು ಭಾಷಣಕಾರರು ಹತ್ತು ನಿಮಿಷ ಹೇಳಿದ್ದರು. ಅದೇ ಜಾಗದಲ್ಲಿ ತಾತನ ಬಾಯಿಂದಲೇ ಹೇಳಿಸಿ ವಿಡಿಯೋ ಮಾಡಬೇಕೆಂಬುದು ಅವಳ ಆಸೆ.

ಆ ಮಗ ನಂದಕುಮಾರ್. ಅವನಿಗೆ ಹೊಳೆಯ ನೆನಪಿರಲಿಲ್ಲ, ಕಥೆಯ ನೆನಪಿತ್ತು. ಅಪ್ಪನ ಮೇಲೆ ಸಿಟ್ಟು ಬಂದಾಗಲೆಲ್ಲ ಆ ಕಥೆ ನಡುವೆ ಬಂದು ನಿಲ್ಲುತ್ತಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಅವನು ಅಂಜನಾಳನ್ನು ಮದುವೆಯಾಗುತ್ತೇನೆಂದಾಗ ತಿಮ್ಮರಾಯಪ್ಪ ಕೂಗಾಡಿರಲಿಲ್ಲ. ಅವಳ ಜಾತಿ ಕೇಳಿ ತಿಳಿದುಕೊಂಡರು. ಆಮೇಲೆ, ನೀರಿನಿಂದ ಎತ್ತಿ ತಂದವನನ್ನು ಹೀಗೆ ಮುಳುಗಿಸುತ್ತೀಯಾ ಎಂದು ಒಂದೇ ಮಾತು ಕೇಳಿ ಒಳಗೆ ಹೋದರು. ನಂದಕುಮಾರ್ ಅಂಜನಾಳ ಫೋನು ಎತ್ತುವುದನ್ನು ಬಿಟ್ಟ. ಮುಂದಿನ ವರ್ಷ ಅವರು ತೋರಿಸಿದ ಶ್ವೇತಳನ್ನು ಮದುವೆಯಾದ.

ಅಮ್ಮ ಮುನಿಲಕ್ಷ್ಮಮ್ಮನ ಮಂಡಿ ನೋವಿಗೆ ದಾರಿ ನಿಧಾನವಾಯಿತು. ಅವನು ಅವಳ ತೋಳು ಹಿಡಿದು ನಡೆಸುತ್ತಿದ್ದ. ಹೊಳೆ ಕಾಣುವ ತಿರುವಿನಲ್ಲಿ ಏಳೆಂಟು ಕುರಿಗಳೊಂದಿಗೆ ಕುಳಿತಿದ್ದ ಮುದುಕನೊಬ್ಬ ಇವರನ್ನು ಕಂಡು ಎದ್ದು, ತಲೆಯ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಅಮ್ಮನ ತೋಳು ಬಿಗಿಯಾದದ್ದು ನಂದಕುಮಾರನ ಕೈಗೆ ಗೊತ್ತಾಯಿತು.

ಅವನು ಚಿಕ್ಕಬೈರಪ್ಪ, ಹಿಂದೆ ಅವರ ಹೊಲದಲ್ಲಿ ದುಡಿದವನು. ಅಮ್ಮ ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿದಳು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಹೊರಡೋಣವೆಂದು ಅವಳು ಮಗನ ಕೈ ಎಳೆಯುವಷ್ಟರಲ್ಲಿ ಮುದುಕ ನಂದಕುಮಾರನನ್ನೇ ದಿಟ್ಟಿಸಿ ನೋಡಿ, ಇವರು ನಂದಪ್ಪನವರಲ್ಲವೇ ಎಂದು ಕೇಳಿದ.

"ಬುಜದ ಗಾಯ ಪೂರ್ತಿ ಮಾಯ್ತಾ ಬುದ್ದಿ?" ಎಂದ. "ಅಂಗಿ ಹಿಡ್ಕಂಡೆ, ಹರ್ದೋಯ್ತು. ಕೈಯಾಗೆ ಹಿಡ್ಕಂಡ್ರೆ ಈಜಕ್ಕಾಗಕಿಲ್ಲ. ಹಲ್ಲಲ್ಲಿ ಕಚ್ಕಂಡೇ ದಡಕ್ಕೆ ತಂದೆ. ಕೂಸಿಗೆ ನೋವು ಮಾಡ್ಬುಟ್ನಲ್ಲಾ ಅಂತ ಈಗ್ಲೂ ಅನ್ನುಸ್ತದೆ."

ನಂದಕುಮಾರನ ಎಡಭುಜದ ಹಿಂದೆ ನಾಲ್ಕು ಸಣ್ಣ ಕಲೆಗಳಿದ್ದವು. ಚಿಕ್ಕವನಿದ್ದಾಗ ನಾಯಿ ಕಚ್ಚಿದ್ದೆಂದು ಅಮ್ಮ ಹೇಳಿದ್ದಳು. ಅವನೂ ಹೆಂಡತಿಗೆ ಹಾಗೆಯೇ ಹೇಳಿದ್ದ.

ಅವನು ಅಮ್ಮನ ಕಡೆ ತಿರುಗಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಮುದುಕನಿಗೆ ಏನೋ ತಪ್ಪಾಯಿತೆಂದು ಹೊಳೆಯಿತು. ಅವನು ಕುರಿ ಅಟ್ಟುವ ನೆಪದಲ್ಲಿ ಹತ್ತು ಮಾರು ದೂರ ಸರಿದ.

"ಅಪ್ಪ ಎಲ್ಲಿದ್ರು ಆವಾಗ?" ಎಂದು ನಂದಕುಮಾರ್ ಕೇಳಿದ.

"ಸಂತೆಗೆ ಹೋಗಿದ್ರು, ಕನಕಪುರಕ್ಕೆ. ಬರೋ ಹೊತ್ಗೆ ಸಂಜೆ ಆಗಿತ್ತು."

"ನಾಯಿ ಅಂತ ಯಾಕಮ್ಮ ಹೇಳ್ದೆ?"

"ನಿಮ್ಮಜ್ಜಿ ಹೇಳ್ಸಿದ್ದು ಕಣಪ್ಪ. ಕೇರಿಯವನ ಬಾಯಿ ತಾಕ್ತು ಅಂತ ಗೊತ್ತಾದ್ರೆ ನಾಳೆ ಹೆಣ್ಣು ಕೊಡೋರ್ಯಾರು ಅಂದ್ರು."

ಉಳಿದದ್ದನ್ನು ಅವಳು ನೆಲ ನೋಡುತ್ತ ಹೇಳಿದಳು. ಕೂಸನ್ನು ಎತ್ತಿಕೊಂಡು ಓಡಿಬಂದ ಚಿಕ್ಕಬೈರಪ್ಪ ಅವಸರದಲ್ಲಿ ಪಡಸಾಲೆ ಹತ್ತಿಬಿಟ್ಟಿದ್ದ. ಅಜ್ಜಿ ಮಗುವಿಗೆ ಮೊದಲು ಸ್ನಾನ ಮಾಡಿಸಿದಳು, ಆಮೇಲೆ ಗಾಯ ನೋಡಿದಳು. ಅವನು ನಿಂತ ಜಾಗಕ್ಕೆ ಗಂಜಲ ಚಿಮುಕಿಸಿದರು. ಕೊಟ್ಟಿಗೆಯ ಹತ್ತಿರ ಕರೆದು ಎರಡು ಸೇರು ರಾಗಿ ಕೊಟ್ಟು, ಬಾಯಿ ಬಿಡಬೇಡ ಎಂದರು. ಊರವರ ಮುಂದೆ ಅವನು ಬಾಯಿ ಬಿಡಲಿಲ್ಲ. ಊರು ಬಿಟ್ಟು ಉತ್ತರಹಳ್ಳಿಗೆ ಬಂದ ಮೇಲೆ ಅಲ್ಲಿನವರಿಗೆ ಇದೇನೂ ಗೊತ್ತಿರಲಿಲ್ಲ. ಮಗು ಹೊಳೆಗೆ ಬಿದ್ದಿತ್ತಂತೆ, ಯಾರು ಎತ್ತಿದರು ಎಂದು ಒಬ್ಬರು ಕೇಳಿದಾಗ ತಿಮ್ಮರಾಯಪ್ಪ, ನಾನೇ ಎಂದರು. ಅವಳು ಕಾಫಿ ಕೊಡುತ್ತಿದ್ದಳು, ಸುಮ್ಮನಿದ್ದಳು.

"ಅಂಜನಾ ವಿಷಯ ಬಂದಾಗ್ಲೂ ಸುಮ್ನಿದ್ಯಲ್ಲಮ್ಮ."

ಅವಳು ಸೆರಗಿನ ತುದಿ ಬಿಟ್ಟು, ದಾರಿ ಬದಿಯ ಕಲ್ಲಿನ ಮೇಲೆ ಕುಳಿತಳು.

ನಂದಕುಮಾರ್ ಚಿಕ್ಕಬೈರಪ್ಪನ ಬಳಿಗೆ ಹೋದ. ಬಗ್ಗಿ ಅವನ ಕಾಲಿಗೆ ಕೈ ಚಾಚಿದ. ಮುದುಕ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಚಾಚಿದ ಕೈ ಧೂಳಿನಲ್ಲಿ ಉಳಿಯಿತು.

"ಬ್ಯಾಡಿ ಬುದ್ದಿ. ಯಜಮಾನ್ರು ನೋಡ್ತಾವ್ರೆ."

ಕೆಳಗೆ ಬಂಡೆಯ ಮೇಲೆ ನಿಂತಿದ್ದ ತಿಮ್ಮರಾಯಪ್ಪ ನಿಜಕ್ಕೂ ಇತ್ತಲೇ ನೋಡುತ್ತಿದ್ದರು. ಅವರ ಮಾತು ಅರ್ಧಕ್ಕೆ ನಿಂತಿತ್ತು. ಶೃತಿ ಫೋನು ಹಿಡಿದು ಕಾಯುತ್ತಿದ್ದಳು. ಮೊಮ್ಮಗಳು ಮತ್ತೆ ಕೇಳಿದ ಮೇಲೆ ಅವರು ಮೊದಲಿಗಿಂತ ಗಟ್ಟಿಯಾಗಿ ಹೇಳಲು ಶುರುಮಾಡಿದರು. ನೀರು ಎಲ್ಲಿಯವರೆಗೆ ಏರಿತ್ತು, ತಾನು ಎಲ್ಲಿಂದ ಹಾರಿದೆ ಎಂದು ಕೈ ಬೀಸಿ ತೋರಿಸಿದರು. ಹೊಳೆಯಲ್ಲಿ ಈಗ ಮೊಣಕಾಲು ಮುಳುಗುವಷ್ಟು ಕಪ್ಪು ನೀರಿತ್ತು, ಮೇಲೆ ನೊರೆಯಿತ್ತು.

ನಂದಕುಮಾರ್ ಇಳಿದು ಬಂದು ಅವರ ಎದುರಿಗೆ ನಿಂತ.

"ನನ್ನ ಹೇಗೆ ಹಿಡ್ಕೊಂಡ್ರಪ್ಪ ನೀರಲ್ಲಿ?"

ತಿಮ್ಮರಾಯಪ್ಪ ಮಗನ ಮುಖ ನೋಡಿದರು. ಅವನಿಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಯಿತು. ಪಂಚೆಯ ಗಂಟು ಬಿಗಿ ಮಾಡಿಕೊಂಡರು.

"ಹಿಡ್ಕೊಂಡೆ. ಮಗನ್ನ ಹೇಗೆ ಹಿಡ್ಕೋಬೇಕು ಅಂತ ಯಾರಾದ್ರೂ ಹೇಳ್ಕೊಡ್ಬೇಕಾ?"

ಶೃತಿ ನಕ್ಕಳು. ಸೂಪರ್ ತಾತ ಎಂದಳು. ಅಪ್ಪನೂ ಪಕ್ಕದಲ್ಲಿ ನಿಲ್ಲಬೇಕೆಂದು ಕರೆದಳು. ಮಗಳ ಹದಿನೇಳು ವರ್ಷದ ಮುಖ ಸಂತೋಷದಿಂದ ಅರಳಿತ್ತು. ನಂದಕುಮಾರನ ಬಾಯಲ್ಲಿ ಮಾತು ಬಂದು ನಿಂತಿತ್ತು. ದಾರಿಯಲ್ಲೇ ಉಳಿದಿದ್ದ ಅಮ್ಮ ಬೇಡವೆಂಬಂತೆ ತಲೆಯಾಡಿಸಿದಳು. ಅವನು ಮಾತು ನುಂಗಿ, ಹೋಗಿ ಅಪ್ಪನ ಪಕ್ಕ ನಿಂತ.

"ಇನ್ನೂ ಹತ್ರ ಅಪ್ಪ," ಎಂದಳು ಶೃತಿ.

ಅವನು ಸರಿದ.

ಮೇಲಿನ ತಿರುವಿನಲ್ಲಿ ಕುರಿಗಳು ಬಾಯಾರಿ ನೀರಿನ ಕಡೆಗೆ ನುಗ್ಗುತ್ತಿದ್ದವು. ಚಿಕ್ಕಬೈರಪ್ಪ ಕೋಲನ್ನು ಅಡ್ಡ ಹಿಡಿದು ಅವುಗಳನ್ನು ತಡೆಯುತ್ತ, ಇವರು ಹೊರಡುವುದನ್ನೇ ಕಾಯುತ್ತ ನಿಂತಿದ್ದ.